ನೀಲಾಳ ಮಾಡ

ನಮ್ಮ ಮನೆಯ ಪಡಸಾಲೆಯ ಗೋಡೆಯಲ್ಲಿ ಒಂದರ ಕೆಳಗೊಂದು ಎರಡು ಮಾಡಗಳಿವೆ. ಮಾಡವೆಂದರೆ ದಪ್ಪ ಮಣ್ಣಿನ ಗೋಡೆಯಲ್ಲೇ ಕೊರೆದ ಪುಟ್ಟ ಗೂಡು. ದೀಪ, ಕುಂಕುಮದ ಭರಣಿ, ವಿಭೂತಿಯ ಗಟ್ಟಿ ಇವೆಲ್ಲ ಕಾಲು ಚಾಚಿಕೊಂಡು ಇರುವ ಜಾಗ. ಮೇಲಿನದು ಮುತ್ತಜ್ಜನ ಕಾಲದ್ದು. ಕಮಾನು ತಿದ್ದಿಸಿಕೊಂಡು, ಸುತ್ತ ಸುಣ್ಣದ ಅಂಚು ಬರೆಸಿಕೊಂಡು, ಮನೆತನದ ಗತ್ತನ್ನೆಲ್ಲ ತಾನೇ ಹೊತ್ತವರಂತೆ ನಿಂತಿದೆ. ಕೆಳಗಿನದು ಸೊಟ್ಟ. ಅದರ ಬಾಯಿ ಒಂದು ಕಡೆಗೆ ಜಗ್ಗಿದೆ, ಒಳಗಿನ ಗಿಲಾವಿನ ಮೇಲೆ ಬೆರಳು ಒತ್ತಿದ ಗುರುತುಗಳು ಹಾಗೇ ಉಳಿದಿವೆ. ಮನೆಗೆ ಹೊಸದಾಗಿ ಬಂದವರು ಅದನ್ನು ನೋಡಿ, "ಇದೇನ್ರಿ ಅಕ್ಕೋರ, ಗ್ವಾಡಿಗೆ ಇಲಿ ಬಿದ್ದಿದ್ವೇನು?" ಎಂದು ಕೇಳುವುದುಂಟು. ಆಯುಷ್ಯವೆಲ್ಲ ಸಾಲೆಯಲ್ಲಿ ಮಕ್ಕಳಿಗೆ ಕಲಿಸಿದ ಹೆಂಗಸು ನಾನು, ಒಂದೇ ಮಾತಿನಲ್ಲಿ ಉತ್ತರ ಕೊಟ್ಟು ಕಳಿಸುವ ಪೈಕಿ ಅಲ್ಲ. ಕೂಡ್ರಿ, ಚಹಾ ಕುಡೀರಿ, ಹೇಳ್ತೇನಿ ಎನ್ನುತ್ತೇನೆ. ನೀವೂ ಕೂತುಕೊಳ್ಳಿ.

ಇಳಕಲ್ಲಿನ ನಮ್ಮ ಮನೆಯಲ್ಲಿ ಜಳಕ ಮಾಡಿದವರು ಯಾರೇ ಇರಲಿ, ನೇರ ಮಾಡದ ಮುಂದೆ ನಿಂತು ವಿಭೂತಿ ಹಚ್ಚಿಕೊಂಡ ಮೇಲೆಯೇ ರೊಟ್ಟಿಯ ಬುಟ್ಟಿಗೆ ಕೈ ಹಾಕಬೇಕು. ಸಣ್ಣ ಮಕ್ಕಳ ಹಣೆಗೆ ದೊಡ್ಡವರು ಹಚ್ಚುತ್ತಾರೆ. ಆದರೆ ಮಗು ತುದಿಗಾಲಲ್ಲಿ ನಿಂತು, ಯಾರ ಸಹಾಯವೂ ಇಲ್ಲದೆ, ತನ್ನ ಕೈಯಾರೆ ಮಾಡದೊಳಗಿನ ಗಟ್ಟಿಯನ್ನು ಮುಟ್ಟಿತೆಂದರೆ ಅಂದು ಮನೆಯಲ್ಲಿ ಹೋಳಿಗೆ. ಅಂದಿನಿಂದ ಅದು ದೊಡ್ಡವರ ಲೆಕ್ಕಕ್ಕೆ ಬಂತು. ನಮ್ಮಣ್ಣನ ಮಗಳು ನೀಲಾ ಆ ಹೋಳಿಗೆಯನ್ನು ತಿಂದದ್ದು ಎಪ್ಪತ್ತರ ದಶಕ ಮುಗಿಯುತ್ತ ಬಂದ ಒಂದು ಚಳಿಗಾಲದಲ್ಲಿ. ಹಣೆಗಷ್ಟೇ ಅಲ್ಲ, ಗಲ್ಲಕ್ಕೂ ಮೂಗಿಗೂ ವಿಭೂತಿ ಬಳಿದುಕೊಂಡು ಓಣಿಯೆಲ್ಲ ಮೆರೆದು ಬಂದಿದ್ದಳು.

ಅವಳಿಗೆ ಹುಟ್ಟಿನಿಂದಲೂ ದಮ್ಮು ಇತ್ತು. ಮೋಡ ಕವಿದರೆ, ಒಗ್ಗರಣೆಯ ಹೊಗೆ ಎದ್ದರೆ, ಸುಮ್ಮನೆ ನಕ್ಕರೂ ಸರಿ, ಎದೆಯಲ್ಲಿ ಸಿಳ್ಳೆ ಸುರುವಾಗಿ ತುಟಿ ನೀಲಿಗಟ್ಟುತ್ತಿತ್ತು. ಯಾರೋ ಒಬ್ಬ ಡಾಕ್ಟರು ಸಣ್ಣ ಬಿಳಿಯ ಗುಳಿಗೆ ಬರೆದುಕೊಟ್ಟರು. ಅದಕ್ಕೆ ಸ್ಟೀರಾಯ್ಡ್ ಎನ್ನುತ್ತಾರೆಂದು ನಮಗೆ ಗೊತ್ತಿರಲಿಲ್ಲ. ನಮ್ಮ ಪಾಲಿಗೆ ಅದು ದೇವರೇ ಉಂಡೆ ಕಟ್ಟಿ ಕೊಟ್ಟ ಪ್ರಸಾದ. ಉಸಿರಿಗಾಗಿ ಒದ್ದಾಡುತ್ತಿದ್ದ ಕೂಸು ಎದ್ದು ಕುಂಟಾಬಿಲ್ಲೆ ಆಡಿದರೆ ಮತ್ತಿನ್ನೇನು ಹೇಳಬೇಕು? ಗುಳಿಗೆ ತೀರಿದ ಮೇಲೆ ಬಂದು ತೋರಿಸಿರೆಂದು ಡಾಕ್ಟರು ಹೇಳಿದ್ದರು. "ಕೂಸು ಆಡಕೋತ ಇದ್ದಾಗ ದವಾಖಾನಿಗೆ ಯಾರರೆ ಹೋಗ್ತಾರೇನು?" ಎಂದಳು ನಮ್ಮವ್ವ. ಆ ಮಾತು ಎಲ್ಲರಿಗೂ ಸರಿಯೆನಿಸಿತು. ಖಾಲಿಯಾದ ಗುಳಿಗೆಯ ಹಾಳೆಯನ್ನು ಅಂಗಡಿಯಲ್ಲಿ ತೋರಿಸುವುದು, ಅಂಥದೇ ಇನ್ನೊಂದನ್ನು ತರುವುದು. ಹೀಗೆಯೇ ವರ್ಷಗಳು ಉರುಳಿದವು.

ಗುಳಿಗೆ ಉಸಿರನ್ನು ಕೊಟ್ಟಿತು, ಜೊತೆಗೆ ತುಂಬಿದ ಕೆನ್ನೆಗಳನ್ನೂ ಕೊಟ್ಟಿತು. ಕಡ್ಡಿಯಂತಿದ್ದ ಹುಡುಗಿಯ ಮುಖ ಹುಣ್ಣಿವೆಯ ಚಂದಿರನಾಯಿತು, ಹಸಿವು ಬಕಾಸುರನದಾಯಿತು. ಅದು ಮದ್ದಿನ ಬಾವು ಎಂದು ಯಾರಿಗೆ ಹೊಳೆಯಬೇಕು? "ನಮ್ಮ ನೀಲವ್ವ ಮೈ ಹಿಡದಾಳ!" ಎಂದು ಅವ್ವ ಹಿಗ್ಗಿ ಹೀರೇಕಾಯಿಯಾದಳು. ಹಿಗ್ಗಿದ ಮರುದಿನವೇ ಅಂಜಿದಳು. ಓಣಿಯ ಹೆಂಗಸರು ಕೆನ್ನೆ ಹಿಂಡಿ ಹೋದ ಸಂಜೆಯೇ ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು, ಘಾಟು ಏಳಲಿಲ್ಲವಂತೆ. ಅಲ್ಲಿಗೆ ತೀರ್ಮಾನವಾಯಿತು: ಕೂಸಿಗೆ ಕಣ್ಣು ಬಿದ್ದಿದೆ. ಅಂದಿನಿಂದ ನೀಲಾಳಿಗೆ ಕಟ್ಟೆ ಬಂದ್, ಓಣಿ ಬಂದ್, ಕಡೆಗೆ ಸಾಲೆಯೂ ಬಂದ್. ಅಣ್ಣ ಸೀರೆ ನೇಯುವ ಕುಣಿಮಗ್ಗವಿದ್ದ ಒಳಮನೆಯೇ ಅವಳ ಲೋಕ. ಬಿಸಿಲೆಂಬುದು ಅಲ್ಲಿಗೆ ಬೆಳಕಿಂಡಿಯಿಂದ ಒಂದು ಕೋಲಿನಷ್ಟು ಇಳಿದು, ಮಗ್ಗಕ್ಕೆ ಬಿಗಿದ ಹಾಸಿನ ಎಳೆಗಳ ಮೇಲೆ ತುಸು ಕುಳಿತು, ಎದ್ದು ಹೋಗುತ್ತಿತ್ತು. ಅಜ್ಜಿಯ ಪಕ್ಕ ಕುಳಿತು ಲಾಳಿಗೆ ನೂಲಿನ ಕಂಡಿಕೆ ಸುತ್ತುವುದು, ಕರದಂಟು ತಿನ್ನುವುದು, ಮಲಗುವುದು. ಪ್ರೀತಿಗೆ ಬಾಗಿಲು ಹಾಕಿಕೊಳ್ಳುವ ಚಟ ಎಲ್ಲಿಂದ ಬರುತ್ತದೋ ಕಾಣೆ.

ಹುನಗುಂದದಾಚೆಯ ಒಂದು ಹಳ್ಳಿಯ ಸಾಲೆಯಲ್ಲಿದ್ದ ನಾನು ರಜೆಗೆ ಬಂದಾಗ ಒಂದು ಮುಂಜಾನೆ ಪಡಸಾಲೆಯಲ್ಲಿ ನಗೆಯೋ ನಗೆ. ನೀಲಾ ಮಾಡದ ಮುಂದೆ ತುದಿಗಾಲಲ್ಲಿ ನಿಂತಿದ್ದಾಳೆ, ಕೈ ಎತ್ತಿದ್ದಾಳೆ, ಗಟ್ಟಿ ಕೈಗೆ ಸಿಗುತ್ತಿಲ್ಲ. "ಗ್ವಾಡಿ ಬೆಳದೈತೇನವ್ವಾ ನಿಂದು?" ಎಂದು ಅಣ್ಣ ಚೇಷ್ಟೆ ಮಾಡಿದ. "ನಖರಾ ಮಾಡ್ತಾಳ್ರಿ, ಅತ್ತಿ ಬಂದಾಳಲ್ಲ" ಎಂದಳು ವೈನಿ, ಅವಳ ತಾಯಿ. ಅಣ್ಣ ಬಗ್ಗಿ, ನೆಲವೇನಾದರೂ ಕುಸಿದಿದೆಯೇ ಎಂದು ಬಂಡೆಯನ್ನು ಅಂಗೈಯಿಂದ ತಟ್ಟಿಯೂ ನೋಡಿದ. ನೆಲ ಗಟ್ಟಿಯಾಗಿಯೇ ಇತ್ತು. ಹೋದ ವರ್ಷ ಮುಟ್ಟಿದ್ದನ್ನು ಈ ವರ್ಷ ಮುಟ್ಟದಿರಲು ಮಕ್ಕಳೇನು ಕೆಳಮುಖವಾಗಿ ಬೆಳೆಯುತ್ತವೆಯೇ? ನಾನು ಅವಳ ಬೆನ್ನಿನ ಮೇಲೆ ಕೈಯಿಟ್ಟೆ. "ಅತ್ತೀ, ಅಲ್ಲಿ ಒತ್ತಬ್ಯಾಡ, ನೂಸತೈತಿ" ಎಂದು ಮುಖ ಕಿವುಚಿದಳು. ನನಗೆ ನಗೆ ನಿಂತುಹೋಯಿತು.

ಮರುದಿನವೇ ಬಾಗಲಕೋಟೆಯ ಬಸ್ಸು ಹತ್ತಿದೆವು, ನಾನು ಮತ್ತು ಅವಳು. ಅಲ್ಲಿನ ಮಕ್ಕಳ ಡಾಕ್ಟರು ಬೆನ್ನಿನ ಎಕ್ಸ್‌ರೇ ಫೋಟೋ ತೆಗೆಸಿ, ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು. ಆಮೇಲೆ ನನ್ನನ್ನು ಹತ್ತಿರ ಕರೆದರು. ಬೆನ್ನೆಲುಬಿನ ಮಣಿಗಳು ಚೌಕವಾಗಿರಬೇಕಾದಲ್ಲಿ ಒತ್ತಿದ ಬೆಲ್ಲದ ಹೆಂಟೆಯಂತೆ ಚಪ್ಪಟೆಯಾಗಿದ್ದವು. "ನೋಡ್ರಿ ಅಕ್ಕೋರ, ಈ ಗುಳಿಗಿ ಕೆಟ್ಟದ್ದಲ್ಲ. ಇದು ಇರದಿದ್ರ ಈ ಹುಡುಗಿನೂ ಇರತಿದ್ದಿಲ್ಲ. ಆದ್ರ ಇದು ಪುಕ್ಕಟೆ ದುಡಿಯೂದಿಲ್ಲ, ತನ್ನ ಕೂಲಿ ಎಲುಬಿನ್ಯಾಗ ತಗೋತೈತಿ. ಅದ್ರಾಗ ನೀವು ಬಿಸಲು ತಪ್ಪಿಸೀರಿ, ಆಟ ತಪ್ಪಿಸೀರಿ. ಮುಂದ ಒಂದು ಸಣ್ಣ ಪೆಟ್ಟು ಬಿದ್ರೂ ಮುರೀತಾವ."

"ಹಂಗಾದ್ರ ಇವತ್ತೇ ನಿಲ್ಲಿಸಿಬಿಡೂಣ್ರಿ" ಎಂದೆ.

"ಅದೊಂದು ಮಾಡಬ್ಯಾಡ್ರಿ" ಎಂದು ಅವರು ಕೈಯೆತ್ತಿದರು. ಗುಳಿಗೆಯಲ್ಲಿರುವಂಥದೇ ಒಂದು ರಸವನ್ನು ಮೈ ತಾನೇ ತಯಾರಿಸುತ್ತದಂತೆ. ಹೊರಗಿನದು ಬರತೊಡಗಿದ ಮೇಲೆ ಆ ಕೆಲಸವನ್ನೇ ಮರೆತು ಕೂಡುತ್ತದಂತೆ. "ಒಮ್ಮೆಲೆ ನಿಲ್ಲಿಸಿದ್ರ ಹುಡುಗಿ ಕೈಗೆ ಸಿಗಾಂಗಿಲ್ಲ. ಸಾವಕಾಶ ಇಳಿಸೂಣು. ಮೊದಲು ದಿನಾ ಕೊಡೂದನ್ನ ಕಡಿಮಿ ಮಾಡೂಣು, ಆಮ್ಯಾಲ ದಿನ ಬಿಟ್ಟು ದಿನ. ಹಾಲು, ಮೊಸರು, ಸುಣ್ಣದಂಶದ ಗುಳಿಗಿ, ಬಿಸಲು, ನಡಿಗಿ. ಎಳೀ ಎಲುಬು ಇನ್ನ. ಬೆಳಿಯೂ ಕೂಸಿನ ಮಣಿ ಮತ್ತ ತುಂಬಿಕೊಳ್ಳೂದನ್ನ ನಾ ನೋಡೇನಿ. ತುಂಬೇ ತುಂಬತಾವ ಅಂತ ಮಾತ್ರ ಹೇಳಾಕ ಬರೂದಿಲ್ಲ."

ಬರುವಾಗ ಅಮೀನಗಡದಲ್ಲಿ ಬಸ್ಸು ನಿಂತಿತು. ಜನ ಕರದಂಟಿನ ಅಂಗಡಿಗೆ ಇಳಿದರು. ಬಾಣಂತಿಯರ ಸೊಂಟ ಗಟ್ಟಿಮಾಡುವ ಆ ಅಂಟಿನುಂಡೆಯ ವಾಸನೆ ಕಿಟಕಿಯವರೆಗೂ ಬರುತ್ತಿತ್ತು. ತಿನ್ನುವುದೆಂದರೆ ಜೀವ ಬಿಡುವ ಹುಡುಗಿ ಅಂದು ಬೇಕೆನ್ನಲಿಲ್ಲ. ನನ್ನ ಸೆರಗಿನ ಚುಂಗು ಹಿಡಿದುಕೊಂಡು ಕೇಳಿದಳು: "ಅತ್ತೀ, ನಾ ಸಣ್ಣಾಕಿ ಆಗಕೋತ ಆಗಕೋತ ಒಂದಿನ ಇಲ್ಲದಂಗ ಆಗ್ತೇನೇನು?" ಅವಳನ್ನು ಎಳೆದು ತೊಡೆಯ ಮೇಲೆ ಕೂಡಿಸಿಕೊಳ್ಳಲು ಹೋಗಿ, ಎಲುಬಿನ ನೆನಪಾಗಿ, ಸುಮ್ಮನೆ ತಲೆ ಸವರಿದೆ. ಆ ಹಿಡಿತವಿಲ್ಲದ ಸವರಿಕೆಯ ಸಂಕಟ ಇವತ್ತಿಗೂ ನನ್ನ ಕೈಯಲ್ಲಿದೆ.

ಮನೆಗೆ ಬಂದು ಎಲ್ಲವನ್ನೂ ಬಿಡಿಸಿ ಹೇಳಿದೆ. ಹೇಳಿದ್ದರಲ್ಲಿ ಅವ್ವನ ಕಿವಿಗೆ ಹೊಕ್ಕದ್ದು ಒಂದೇ: ಗುಳಿಗೆ ಎಲುಬು ತಿನ್ನುತ್ತದೆ. ನಾನು ರಜೆ ಮುಗಿಸಿ ಹೊರಡುವ ಮೊದಲೇ, ಯಾರಿಗೂ ಹೇಳದೆ, ಗುಳಿಗೆಯನ್ನೆಲ್ಲ ಒಲೆಗೆ ಹಾಕಿ, "ಕೊಟ್ಟೇನಿ, ನುಂಗ್ಯಾಳ" ಎಂದು ಸುಳ್ಳಾಡುತ್ತ ಬಂದಳು. ಮೊದಮೊದಲು ಏನೂ ಆಗಲಿಲ್ಲ. ಆಮೇಲೆ ಒಂದು ಮಧ್ಯಾಹ್ನ, ಅಣ್ಣ ಲಾಳಿ ಎಸೆಯುತ್ತಿದ್ದಾಗಲೇ, ನೀಲಾ ಅವನೆದುರು ಕುಸಿದು ಕುಳಿತಳು. ಎದೆಯಲ್ಲಿ ಸಿಳ್ಳೆಯೂ ಇಲ್ಲ, ಸಿಳ್ಳೆ ಹಾಕುವಷ್ಟು ಉಸಿರೇ ಒಳಗಿರಲಿಲ್ಲ. ಓಣಿಯವರ ಜೀಪಿನಲ್ಲಿ ಹುನಗುಂದದ ದವಾಖಾನೆಗೆ ಒಯ್ದೆವು. ಸೂಜಿ ಚುಚ್ಚಿದರು, ಸಲಾಯಿನ್ ಏರಿಸಿದರು. ಸಂಜೆಯ ಹೊತ್ತಿಗೆ ತುಟಿಗೆ ಬಣ್ಣ ಬಂತು. ಗುಳಿಗೆ ತಪ್ಪಿಸಿದ್ದಿರೇನೆಂದು ಅಲ್ಲಿನ ಡಾಕ್ಟರು ಕೇಳಿದಾಗಲೇ ಅವ್ವ ಒಲೆಯ ಸಂಗತಿ ಒಪ್ಪಿಕೊಂಡಳು. ಮೆಟ್ಟಿಲ ಮೇಲೆ ಕುಳಿತ ಅವ್ವ ಎದೆ ಎದೆ ಬಡಿದುಕೊಳ್ಳುತ್ತಿದ್ದಳು. "ಎಲುಬು ಉಳಸಾಕ ಹೋಗಿ ಉಸರ ಕಳೀತಿದ್ನೆಲ್ಲೋ ಎಪ್ಪಾ! ನನ್ನ ಕೈ ಸೇದಿ ಹೋಗ್ಲಿ!" ಅವಳ ಮೇಲೆ ಕೆಂಡದಂಥ ಸಿಟ್ಟಿನಲ್ಲಿ ಹೊರಬಂದ ನಾನು ಅವಳ ಪಕ್ಕದಲ್ಲೇ ಕುಳಿತು ಅತ್ತೆ.

ಮುಂದೆ ಅವಳಿಗೆ ತಿಳಿಹೇಳಿದವನು ಅಣ್ಣ. ಮಾತಿನಲ್ಲಿ ಬಹಳ ಹಿಡಿತದ ಮನುಷ್ಯ. ಮಗ್ಗದ ಮುಂದೆ ಅವ್ವನನ್ನು ಕೂಡಿಸಿ, ಬಿಗಿದ ಹಾಸಿನ ಮೇಲೆ ಅವಳ ಕೈಯಿಟ್ಟು ಹೇಳಿದ: "ಅವ್ವಾ, ಇದನ್ನ ಬಿಗಿ ಇದ್ದಾಗನ ಕತ್ತರಿಸಿದ್ರ ಏನಾಕ್ಕೈತಿ? ಎಳಿ ಎಲ್ಲಾ ಸಿಡದು ಸಿಕ್ಕಾಕ್ಕಾವ. ಮೊದಲು ಸಡಲ ಮಾಡಬೇಕು, ಆಮ್ಯಾಲ ಬಿಚ್ಚಬೇಕು. ಗುಳಿಗಿನೂ ಹಂಗ." ಹುಟ್ಟಿದಾಗಿನಿಂದ ನೂಲಿನಲ್ಲೇ ಬೆಳೆದವಳು, ಆ ಎಳೆಗಳನ್ನು ಮೆಲ್ಲಗೆ ಸವರುತ್ತ ಕುಳಿತಳು. "ಇಷ್ಟು ನೆಟ್ಟಗ ಆ ಡಾಕ್ಟರ್ ಯಾಕ ಹೇಳಲಿಲ್ಲ?" ಎಂದು ಕಡೆಗೊಮ್ಮೆ ಗೊಣಗಿದಳು. ಅಂದಿನಿಂದ ಗುಳಿಗೆಯ ಪಹರೆ ಅವಳದೇ.

ಬಿಸಿಲಿನ ಪಹರೆಯೂ ಅವಳದೇ ಆಯಿತು, ಅದರ ಸೊಗಸನ್ನು ನೀವು ನೋಡಬೇಕಿತ್ತು. ಕಣ್ಣು ಬೀಳುತ್ತದೆಂದು ಮೊಮ್ಮಗಳನ್ನು ಬಚ್ಚಿಟ್ಟಿದ್ದವಳು ಈಗ ದಿನಾ ಮುಂಜಾನೆ ಇಡೀ ಓಣಿಯ ಕಣ್ಣೆದುರು ಅವಳನ್ನು ಕಟ್ಟೆಯ ಮೇಲೆ ಕೂಡಿಸಬೇಕು. ಕೂಡಿಸುವಳು, ಪಕ್ಕದಲ್ಲಿ ಹಾಲಿನ ಬಟ್ಟಲು ಹಿಡಿದು ತಾನೂ ಕೂಡುವಳು, ನೋಡಿದವರ ಮೇಲೆಲ್ಲ ಹರಿಹಾಯುವಳು. "ಏನ್ ನೋಡ್ತೀ? ನಿಮ್ಮನ್ಯಾಗ ಹುಡುಗೂರಿಲ್ಲೇನು? ನಡಿ, ನಡಿ, ಒಲಿಮ್ಯಾಲ ಹಾಲು ಉಕ್ಕೀತು!" ಪಾಪ, ಸುಮ್ಮನೆ ನೀರಿಗೆ ಹೊರಟವರೂ ಬೈಸಿಕೊಂಡರು. ಎಳ್ಳಿನ ಚಟ್ನಿ, ರಾಜಗಿರಿ ಪಲ್ಲೆ, ಮೊಸರು, ಕಟ್ಟೆಯಿಂದ ಬಾವಿಯವರೆಗೆ ಅಜ್ಜಿಯ ಕೈಹಿಡಿದ ನಡಿಗೆ. ಹೀಗೆ ಒಂದು ಮಳೆಗಾಲ ಹೋಯಿತು, ಇನ್ನೊಂದು ಹೋಯಿತು.

ಆದರೆ ಪಡಸಾಲೆಯಲ್ಲಿ ದಿನಾ ಮುಂಜಾನೆ ಒಂದು ಸಣ್ಣ ಸೋಲು ಕಾದಿರುತ್ತಿತ್ತು. ಜಳಕ ಮಾಡಿ ಬಂದ ನೀಲಾ ಮಾಡದ ಮುಂದೆ ನಿಲ್ಲುವಳು, ಕೈ ಎತ್ತುವಳು, ಇಳಿಸುವಳು. ಹಚ್ಚಲು ಹೋದರೆ ಬೇಡವೆಂದು ಹಣೆ ತಪ್ಪಿಸುವಳು. ಒಮ್ಮೆ ದೊಡ್ಡವಳಾದವಳಿಗೆ ಮತ್ತೆ ಸಣ್ಣವಳಾಗೆಂದರೆ ಯಾವ ಮಾನವಂತೆ ಒಪ್ಪುತ್ತಾಳೆ? ಬರಿ ಹಣೆಯಲ್ಲೇ ರೊಟ್ಟಿಗೆ ಕೂಡುವಳು. ಇದನ್ನು ನೋಡಿ ನೋಡಿ ಒಂದು ಅಮಾವಾಸ್ಯೆ, ಮಗ್ಗಕ್ಕೆ ಬಿಡುವಿದ್ದ ದಿನ, ಅಣ್ಣ ಉಳಿ ತಂದು ಹಳೆಯ ಮಾಡದ ಕೆಳಗೆ ಗೋಡೆ ಕೊರೆಯತೊಡಗಿದ. ಅವ್ವ ಹೌಹಾರಿದಳು. "ಬ್ಯಾಡೋ! ತಗ್ಗಿನ್ಯಾಗ ಮಾಡ ಮಾಡಿದಿ ಅಂದ್ರ ಕೂಸು ಇನ್ನ ಬೆಳಿಯೂದಿಲ್ಲ ಅಂತ ನೀನ ಒಪ್ಪಿದಂಗ!" ಅಣ್ಣ ಉಳಿ ನಿಲ್ಲಿಸಲಿಲ್ಲ. "ಬೆಳದ ಮ್ಯಾಲ ಮುಚ್ಚೂಣ ತಗೊ. ಅಲ್ಲೀತನಾ ಏನ್ ಬರಿ ಹಣಿಲೆ ಉಣ್ಣಬೇಕೇನು ನನ್ನ ಮಗಳು?" ಕೊರೆದ ಮೇಲೆ ಒಳಗೆಲ್ಲ ಬೆರಳಿನಿಂದಲೇ ಗಿಲಾವು ಒತ್ತಿದ. ನೇಯುವ ಕೈ ಗೌಂಡಿಯ ಕೆಲಸ ಮಾಡಿದರೆ ಹೇಗಿರಬೇಕೋ ಹಾಗೇ ಇತ್ತು ಆ ಮಾಡ. ಮರುದಿನ ನೀಲಾ ಅದರಿಂದ ವಿಭೂತಿ ತೆಗೆದು, ಮೊದಲಿನಂತೆಯೇ ಗಲ್ಲಕ್ಕೂ ಮೂಗಿಗೂ ಬಳಿದುಕೊಂಡಳು.

ಗೆಳೆಯರೇ, ನಾನು ಬಹಳ ಯೋಚಿಸಿದ್ದೇನೆ. ವಾಸಿಯಾಗುವವರೆಗೂ ಮನುಷ್ಯ ಬದುಕಬೇಕಲ್ಲ. ಆ ನಡುವಿನ ದಿನಗಳಿಗೆ ಔಷಧವೇನು? ಡಾಕ್ಟರು ಎಲುಬಿಗೆ ಸುಣ್ಣ ಬರೆದುಕೊಟ್ಟರು, ಉಸಿರಿಗೆ ಗುಳಿಗೆ ಬರೆದುಕೊಟ್ಟರು. ಎಟುಕದ ಕೈಯ ಅವಮಾನಕ್ಕೆ ಬರೆದುಕೊಡುವ ಚೀಟಿ ಅವರ ಹತ್ತಿರ ಇರಲಿಲ್ಲ, ಅದು ಅವರ ತಪ್ಪೂ ಅಲ್ಲ. ನಾವೋ, ರೋಗಿ ಎದ್ದು ನಮ್ಮ ಎತ್ತರಕ್ಕೆ ಬರಲಿ ಎಂದು ಹರಸುತ್ತ ಕೂಡುತ್ತೇವೆ. ಗೋಡೆಯನ್ನು ಒಂದಿಷ್ಟು ಅವರ ಎತ್ತರಕ್ಕೆ ಇಳಿಸೋಣವೆಂದು ನಮಗೆ ತೋಚುವುದೇ ಇಲ್ಲ.

ಎಂಬತ್ತರ ದಶಕ ಅರ್ಧ ಕಳೆಯುವ ಹೊತ್ತಿಗೆ ಬಾಗಲಕೋಟೆಯ ಡಾಕ್ಟರು ಮದ್ದನ್ನು ಉಸಿರಿನೊಡನೆ ಎದೆಗೆ ಸೇದುವ ಪಂಪು ತರಿಸಿಕೊಟ್ಟರು. ಗುಳಿಗೆ ಇಳಿಯುತ್ತ ಇಳಿಯುತ್ತ ನಿಂತೇಹೋಯಿತು. ಚಂದಿರನಂಥ ಮುಖ ಕರಗಿ ನಮ್ಮ ಮನೆತನದ ಉದ್ದ ಮೂಗು ಮತ್ತೆ ಕಾಣಿಸಿಕೊಂಡಿತು. ಹೊಸ ಫೋಟೋದಲ್ಲಿ ಬೆನ್ನಿನ ಮಣಿಗಳು, ಎಲ್ಲವೂ ಅಲ್ಲ, ಬಹುತೇಕ ತುಂಬಿಕೊಂಡಿದ್ದವು. ಒಂದು ಮುಂಜಾನೆ ನೀಲಾ ಯಾರಿಗೂ ಹೇಳದೆ ಮೇಲಿನ ಮಾಡಕ್ಕೆ ಕೈ ಹಾಕಿದಳು. ಅವ್ವ ಅಳುತ್ತಲೇ ಕಡಲೆಬೇಳೆ ಕುದಿಯಲಿಟ್ಟಳು. ಅಣ್ಣ ಮಾತು ಕೊಟ್ಟಂತೆ ಮಣ್ಣು ಕಲಸಿ ತಂದ, ಕೆಳಗಿನದನ್ನು ಮುಚ್ಚಲು. ನೀಲಾ ಅಡ್ಡ ನಿಂತಳು. "ಇರಲಿ ಬಿಡಪ್ಪಾ. ಯಾರಿಗರೆ ಬೇಕಾದೀತು."

ಮೊದಲು ಬೇಕಾದದ್ದು ಅವ್ವನಿಗೇ. ಬಿಲ್ಲಿನಂತೆ ಬಾಗಿದ ಮೇಲೆ, ಬೇಡವೆಂದು ಹಟ ಹಿಡಿದಿದ್ದ ಆ ಮಾಡದಿಂದಲೇ ಕಡೆಯವರೆಗೂ ವಿಭೂತಿ ಹಚ್ಚಿಕೊಂಡಳು. ಅವಳು ಹೋದಳು, ಅಣ್ಣನೂ ಹೋದ. ಮಗ್ಗವಿದ್ದ ಒಳಮನೆಗೆ ನೀಲಾ ದೊಡ್ಡ ಕಿಟಕಿ ಇಡಿಸಿದ್ದಾಳೆ. ಅಲ್ಲಿ ಕುಳಿತು ಸೀರೆಯ ವ್ಯಾಪಾರ ನೋಡಿಕೊಳ್ಳುತ್ತಾಳೆ, ನನ್ನನ್ನೂ ನೋಡಿಕೊಳ್ಳುತ್ತಾಳೆ.

ಮೊನ್ನೆ ಜಳಕ ಮಾಡಿ ಬಂದು ಮೇಲಿನ ಮಾಡಕ್ಕೆ ಕೈ ಎತ್ತಿದೆ. ಸಿಗಲಿಲ್ಲ. ತುದಿಗಾಲಲ್ಲಿ ನಿಂತೆ, ಬೆನ್ನಿನಲ್ಲಿ ಛಳಕು ಹೊಡೆಯಿತು. ನಿಮ್ಮ ಮುಂದೆ ಹೇಳಲೇನು, ನಾನೂ ಬಗ್ಗಿ ನೆಲ ಕುಸಿದಿದೆಯೇನೋ ಎಂದು ನೋಡಿದೆ. ನೀಲಾ ಬಾಗಿಲಲ್ಲಿ ನಿಂತು ಎಲ್ಲವನ್ನೂ ಕಂಡಿದ್ದಳು. ನಗಲಿಲ್ಲ, ಹಚ್ಚಲು ಬರಲೂ ಇಲ್ಲ. ಮೇಲಿನ ಮಾಡದಿಂದ ಗಟ್ಟಿಯನ್ನು ತೆಗೆದು ಕೆಳಗಿನದರಲ್ಲಿಟ್ಟು, ಮುಖ ಆಚೆ ತಿರುಗಿಸಿ ಹೇಳಿದಳು: "ಹಚ್ಚಿಕೊಂಡು ಕಟ್ಟೀಗೆ ಬಾ ಅತ್ತೀ. ಬಿಸಲು ಬಂದೈತಿ."

ಕೈ ಹಾಕಿದೆ. ವಿಭೂತಿಗಿಂತ ಮೊದಲು ನನ್ನ ಬೆರಳಿಗೆ ತಾಗಿದ್ದು ಗಿಲಾವಿನಲ್ಲಿ ಉಳಿದಿದ್ದ ಅಣ್ಣನ ಬೆರಳು.