ಸೀರೆಯ ಮಡಿಕೆಯ ಉಸುಕು

ಮೋರಟಗಿಯ ತುಳಸೀಬಾಯಿ ಹುಟ್ಟಿನಿಂದಲೇ ಸಂಶಯದ ಹೆಂಗಸೇನೂ ಆಗಿರಲಿಲ್ಲ. ಆ ಗುಣ ಕಲಿಸಿದ್ದು ವಿಜಾಪುರ. ಹಳ್ಳಿಯಲ್ಲಿ ಯಾರ ಮನೆಯ ಒಲೆಯ ಮೇಲೆ ಏನು ಬೇಯುತ್ತಿದೆ ಎಂಬುದು ಇಡೀ ಓಣಿಗೆ ಗೊತ್ತು. ಸಂಶಯಪಡಲಿಕ್ಕೆ ಉಳಿಯುವುದಾದರೂ ಏನು? ಪಟ್ಟಣದಲ್ಲಿ ಹಾಗಲ್ಲ. ಹಾಲಿನವನು ಹಾಲಿಗೆ ನೀರು ಬೆರೆಸುತ್ತಾನೆ, ಕಾಯಿಪಲ್ಲೆಯವಳು ಬಾಡಿದ್ದನ್ನು ಅಡಿಗೆ ಹಾಕಿ ತೂಗುತ್ತಾಳೆ, ನಳವಂತೂ ಬೆಳಿಗ್ಗೆ ಬರಬೇಕಾದದ್ದು ಮಧ್ಯಾಹ್ನ ಬರುತ್ತದೆ. ರೇಲ್ವೆ ಕ್ವಾರ್ಟರ್ಸಿನ ಎರಡು ಕೋಣೆಗಳಲ್ಲಿ ಸಂಸಾರ ಹೂಡಿ ಒಂದೂವರೆ ವರ್ಷವಾಗುವಷ್ಟರಲ್ಲಿ, ಹತ್ತೊಂಬತ್ತರ ಈ ಹುಡುಗಿ ಕಾಗೆ ಕೂಗಿದರೂ ಯಾಕೆ ಕೂಗಿತೆಂದು ಹೊರಗೆ ಬಂದು ನೋಡುವಂತಾಗಿದ್ದಳು. ಗಂಡನ ಮೇಲೆ ಮಾತ್ರ ಆಕೆಗೆ ಸಂಶಯವಿರಲಿಲ್ಲ. ಆ ಮನುಷ್ಯನಿಗೆ ಸುಳ್ಳು ಹೇಳಲಿಕ್ಕೆ ಬರುತ್ತದೆಂದೇ ಆಕೆಗೆ ಗೊತ್ತಿರಲಿಲ್ಲ.

ಗಂಡ ಪಾಂಡುರಂಗ ಇಂಡಿಯವನು, ಸ್ಟೇಶನ್ನಿನಲ್ಲಿ ಪಾರ್ಸಲ್ ಗುಮಾಸ್ತ. ಮೆತ್ತಗಿನ ಮನುಷ್ಯ. ತಂದೆ ನಾರಾಯಣರಾಯರ ಎದುರು ನಿಂತರೆ ಇಪ್ಪತ್ತಾರು ವರ್ಷದ ಈ ಗಂಡಸಿಗೆ ಇನ್ನೂ ನಾಲಿಗೆ ಒಣಗುತ್ತಿತ್ತು. ರವಿವಾರ ಅವನಿಗೆ ಸೂಟಿ. ಅಂದು ಊಟವಾದ ಮೇಲೆ ಹೆಂಡತಿಯನ್ನು ಕರೆದುಕೊಂಡು ಗೋಲಗುಮ್ಮಟದ ಕಡೆಗೋ ಇಬ್ರಾಹಿಂ ರೋಜಾದ ಕಡೆಗೋ ಹೊರಡುತ್ತಿದ್ದ. ಕರೆದುಕೊಂಡು ಎಂದರೆ ಮಾತಿಗೆ ಅಷ್ಟೇ. ಅವನು ಹತ್ತು ಹೆಜ್ಜೆ ಮುಂದೆ, ಈಕೆ ಹತ್ತು ಹೆಜ್ಜೆ ಹಿಂದೆ.

“ಸ್ವಲ್ಪ ನಿಂದರ್‍ರಿ! ನಾ ಏನು ನಿಮ್ಮ ಪಾರ್ಸಲ್ ಹಮಾಲೇನು?” ಎಂದು ಈಕೆ ಹಿಂದಿನಿಂದ ಕೂಗುತ್ತಿದ್ದಳು.

“ಮೆಲ್ಲಕ ಮಾತಾಡ. ಯಾರರೇ ನೋಡಿದ್ರ?” ಎಂದು ಅವನು ತಿರುಗದೆಯೇ ಗೊಣಗುತ್ತಿದ್ದ. ಹುಲ್ಲಿನ ಮೇಲೆ ಕೂತು ಎರಡಾಣೆಯ ಶೇಂಗಾ ತಿಂದು, ಅದೇ ಹತ್ತು ಹೆಜ್ಜೆಯ ಅಂತರ ಕಾಯ್ದುಕೊಂಡು ಮನೆಗೆ ಬರುವುದು. ಇಷ್ಟಾದರೂ ತುಳಸೀಬಾಯಿಗೆ ಆ ಶೇಂಗಾ ರುಚಿಯಾಗಿತ್ತು ಎನ್ನಬೇಕು.

ಯಾಕೆಂದರೆ ದೊಡ್ಡ ಸೂಟಿಯೊಂದು ಮುಂದೆ ಕಾದಿತ್ತು. ರೇಲ್ವೆ ನೌಕರನಿಗೆ ಪಾಸು ಸಿಗುತ್ತದೆ. ಗಂಡ ಹೆಂಡತಿ ಪುಕ್ಕಟೆಯಾಗಿ ಬೇಕಾದ ಊರಿಗೆ ಹೋಗಿ ಬರಬಹುದು. “ಈ ಸಲದ ಪಾಸು ಬರಲಿ, ಮುಂಬಯಿಗೆ ಹೋಗೋಣು, ನಿನಗ ಸಮುದ್ರ ತೋರಸ್ತೇನಿ” ಎಂದು ಮದುವೆಯ ಹೊಸತರಲ್ಲೇ ಪಾಂಡುರಂಗ ಮಾತು ಕೊಟ್ಟಿದ್ದ. ತುಳಸೀಬಾಯಿ ಆ ಪ್ರಯಾಣಕ್ಕೆಂದೇ ಹಸಿರು ದಡಿಯ ಇಳಕಲ್ ಸೀರೆಯನ್ನು ಟ್ರಂಕಿನ ತಳದಲ್ಲಿ ಇಟ್ಟಿದ್ದಳು. ಅದರ ಮೇಲೆ ಒಂದು ಡಜನ್ ಹಸಿರು ಗಾಜಿನ ಬಳೆ.

ರಾಜ್ಯ ಒಂದಾದ ಮರುವರ್ಷದ ದೀಪಾವಳಿ. ತುಳಸೀಬಾಯಿ ತವರಿಗೆ ಹೋಗಿ ಇಪ್ಪತ್ತು ದಿನ ಇದ್ದು ಬಂದಳು. ಬಂದವಳೇ ಟ್ರಂಕು ತೆಗೆದಳು, ನೋಡಿದಳು, ಅಲ್ಲೇ ಕೂತಳು. ಸೀರೆ ಇತ್ತು. ಆದರೆ ಮಡಿಕೆ ಆಕೆಯದಲ್ಲ. ಆಕೆ ನಾಲ್ಕು ಮಡಿಕೆ ಮಾಡಿ ಸೆರಗು ಒಳಗೆ ಬರುವಂತೆ ಇಡುವವಳು. ಇಲ್ಲಿ ಸೆರಗು ಮೇಲಿತ್ತು. ಬಳೆ ಎಣಿಸಿದಳು. ಹನ್ನೊಂದು. ಕುಂಕುಮದ ಭರಣಿಯ ಮುಚ್ಚಳ ತೆಗೆದಳು. ಹೋಗುವಾಗ ತುಂಬಿಸಿ, ಮೇಲೆ ಸಪಾಟು ಮಾಡಿ ಹೋಗಿದ್ದ ಕುಂಕುಮದಲ್ಲಿ ಬೆರಳಿನ ತಗ್ಗು ಬಿದ್ದಿತ್ತು. ಸೀರೆ ಕೊಡವಿದಳು. ಸಣ್ಣಗೆ ಉಸುಕು ಉದುರಿತು. ಡೋಣಿ ಹೊಳೆಯ ಉಸುಕು ಇಂಥದಲ್ಲ. ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು ಒಂದು ಹರಳನ್ನು ನಾಲಿಗೆಗೆ ಹಚ್ಚಿದಳು. ಉಪ್ಪು.

ಅಯ್ಯೋ ದೇವರೇ, ಯಾವಳೋ ಒಬ್ಬಳು ನನ್ನ ಸೀರೆ ಉಟ್ಟಿದ್ದಾಳೆ, ನನ್ನ ಬಳೆ ತೊಟ್ಟಿದ್ದಾಳೆ, ನನ್ನ ಕುಂಕುಮ ಹಚ್ಚಿಕೊಂಡಿದ್ದಾಳೆ!

ಅವತ್ತು ಏನೂ ಕೇಳಲಿಲ್ಲ. ಊಟಕ್ಕೆ ಬಡಿಸುತ್ತ, “ಪಾಸು ಬಂತೇನ್ರಿ?” ಎಂದಳು ಅಷ್ಟೇ.

ಪಾಂಡುರಂಗ ತಲೆ ಎತ್ತಲಿಲ್ಲ. “ಈ ವರ್ಷ ಸಿಗಂಗ ಕಾಣೂದಿಲ್ಲ. ಸಾಹೇಬ್ರು ಮುಂದ ಹಾಕ್ಯಾರ.”

ಸುಳ್ಳು! ಆ ಕ್ಷಣದಿಂದ ಆಕೆಯ ಕಣ್ಣು ಬೇರೆಯಾಯಿತು. ಅವನ ಕೋಟಿನ ಕಿಸೆ ತಡಕಿದಳು, ಅಂಗಿಯ ಕಾಲರು ಮೂಸಿ ನೋಡಿದಳು. ಒಂದು ದಿನ ಅವನು ಹಾಡು ಗುನುಗಿದ್ದಕ್ಕೆ ಮಜ್ಜಿಗೆ ಬಡಿಸದೆ ಎಬ್ಬಿಸಿದಳು. ಅವನಿಗೆ ಯಾಕೆಂದು ತಿಳಿಯಲೂ ಇಲ್ಲ, ಕೇಳುವ ಧೈರ್ಯವೂ ಆಗಲಿಲ್ಲ. ಕೇಳದೇ ಇದ್ದದ್ದೇ ಈಕೆಗೆ ಇನ್ನೊಂದು ಸಾಕ್ಷಿಯಾಯಿತು.

ಪಕ್ಕದ ಮನೆಯ ರಹಿಮಾಬಿಯದು ಅಡ್ಡಗೋಡೆಯ ಆಚೆಯಿಂದ ಮಾತಾಡುವ ರೂಢಿ. ಆಕೆಯ ಗಂಡ ಅಮೀನುದ್ದೀನ ಗಾಡಿಯ ಗಾರ್ಡು. ಒಂದು ಬೆಳಿಗ್ಗೆ ಅರಿವೆ ಒಣಹಾಕುತ್ತ ರಹಿಮಾಬಿ ಕೂಗಿದಳು: “ಏನವಾ ತುಳಸವ್ವ, ಮುಂಬಯಿ ನೋಡಿ ಬಂದು ಒಂದು ಮಾತರ ಹೇಳಬಾರದೇನು? ನಮ್ಮವರು ಸೊಲ್ಲಾಪುರ ಸ್ಟೇಶನ್ದಾಗ ಮುಂಬಯಿ ಗಾಡಿಗೆ ಹೊಂಟಾಗ ನಿಮ್ಮನ್ನ ನೋಡ್ಯಾರ. ಹಿಂದಿನಿಂದ ನೋಡಿದ್ರಂತ, ಹಸರು ದಡಿ ಸೀರಿ. ಗಂಡ ಹೆಂಡ್ತಿ ಜೋಡಿಲೇ ನಗಾಡಕೋತ ನಡದಿದ್ರು, ಭಾಳ ಚಂದ ಕಾಣತಿತ್ತು ಅಂದ್ರು.”

ಜೋಡಿಲೇ! ಆ ಮಾತು ತುಳಸೀಬಾಯಿಯ ಹೊಟ್ಟೆಗೆ ಬೆಂಕಿ ಇಟ್ಟಿತು. ಸೀರೆ ಹೋಗಲಿ, ಬಳೆ ಹೋಗಲಿ. ನನ್ನನ್ನು ಹತ್ತು ಹೆಜ್ಜೆ ಹಿಂದೆ ಬಿಡುವ ಗಂಡಸು ಆಕೆಯ ಜೋಡಿ ನಕ್ಕು ನಡೆದನಲ್ಲ! ಆದರೆ ಗೋಡೆಯಾಚೆ ಎರಡು ಕಣ್ಣು ಕಾಯುತ್ತಿದ್ದವು. ಗಂಡ ಕೈಬಿಟ್ಟವಳು ಎಂದು ನೆರೆಯವರು ಮರುಗುವುದಕ್ಕಿಂತ ಸಾಯುವುದೇ ಲೇಸು ಎನ್ನುವ ಜಾತಿ ಈಕೆಯದು. “ಹೌದವಾ, ಹೋಗಿದ್ದಿವಿ. ಹೇಳಬೇಕಂದ್ರ ಕೆಲಸನs ಮುಗಿಯವಲ್ಲದು” ಎಂದು ನಕ್ಕಳು. ಒಳಗೆ ಬಂದು ಅಡಿಗೆಮನೆಯ ಬಾಗಿಲು ಹಾಕಿಕೊಂಡು ಮನಸಾರೆ ಅತ್ತಳು. ರವಿವಾರದ ತನಕ ನೋಡುವುದು, ಅಂದು ಎದುರಿಗೆ ಕೂರಿಸಿಕೊಂಡು ಕೇಳುವುದು, ಇಲ್ಲ ಎಂದರೆ ಟ್ರಂಕು ಎತ್ತಿಕೊಂಡು ಮೋರಟಗಿಗೆ ಹೋಗಿಬಿಡುವುದು ಎಂದು ಗಟ್ಟಿ ಮಾಡಿಕೊಂಡಳು.

ರವಿವಾರಕ್ಕೆ ಎರಡು ದಿನ ಮೊದಲೇ ಬಸಂತರಾಯ ಬಂದ.

ಬಸಂತರಾಯ ಮೇಲಿನ ಆಫೀಸಿನ ತಪಾಸಣೆಯವನು. ದೊಡ್ಡ ಹೊಟ್ಟೆ, ಸಣ್ಣ ಕಣ್ಣು. ಹೆಂಡತಿಯ ಹೆಸರಿನ ಪಾಸಿನಲ್ಲಿ ಬೇರೆಯವರನ್ನು ಕರೆದುಕೊಂಡು ಹೋಗುತ್ತಾರೆಂದು ಯಾರೋ ಅರ್ಜಿ ಬರೆದಿದ್ದರಂತೆ. ಹನ್ನೊಂದು ಗಂಟೆಯ ಬಿಸಿಲಿನಲ್ಲಿ ಅವನು ಕ್ವಾರ್ಟರ್ಸಿನ ಬಾಗಿಲಿಗೇ ಬಂದು ನಿಂತ. ಹಿಂದೆ ಪಾಂಡುರಂಗ. ಕೈಯಲ್ಲಿ ಟೊಪ್ಪಿಗೆ, ಮುಖದಲ್ಲಿ ರಕ್ತವಿಲ್ಲ.

“ಬಾಯಾರ, ಹೆದರಬ್ಯಾಡ್ರಿ. ಒಂದs ಮಾತು. ದೀಪಾವಳಿ ಆದ ಮ್ಯಾಲೆ ಪಾಸಿನ ಮ್ಯಾಲೆ ಮುಂಬಯಿಗೆ ಹೋದವರು ನೀವೇನು? ಅಲ್ಲ ಅಂದ್ರ ಅಲ್ಲ ಅನ್ರಿ. ಇಂಥಾ ಕೆಲಸಕ್ಕ ನೌಕರಿ ಹೋಗ್ತದ ಖರೆ, ಆದ್ರ ತಪ್ಪು ನಿಮ್ಮದಲ್ಲ.”

ತುಳಸೀಬಾಯಿ ಗಂಡನ ಮುಖ ನೋಡಿದಳು. ಅಲ್ಲ ಎಂಬ ಎರಡಕ್ಷರ ನಾಲಿಗೆಯ ತುದಿಯಲ್ಲಿತ್ತು. ಅಂದುಬಿಟ್ಟರೆ ಸೇಡು ತೀರುತ್ತದೆ. ನೌಕರಿ ಹೋಗುತ್ತದೆ, ಕ್ವಾರ್ಟರ್ಸು ಹೋಗುತ್ತದೆ, ನಾಳೆ ಇಂಡಿಯಿಂದ ಮೋರಟಗಿಯವರೆಗೆ ಡಂಗುರವಾಗುತ್ತದೆ. ಆ ಯಾವಳೋ ಮಾತ್ರ ಎಲ್ಲೋ ಹಾಯಾಗಿರುತ್ತಾಳೆ. ಇದು ನನ್ನ ಮನೆ, ಈ ಜಗಳ ನನ್ನದು, ಈ ಹೊಟ್ಟೆಯವನಿಗೇನು ಅದರಲ್ಲಿ ಪಾಲು?

“ನಾನs ಹೋಗಿದ್ದೆರಿ” ಎಂದಳು.

“ಹೌದು? ಸಮುದ್ರ ಹೆಂಗ ಕಂಡಿತ್ರಿ?” ಬಸಂತರಾಯನ ಸಣ್ಣ ಕಣ್ಣು ಇನ್ನೂ ಸಣ್ಣದಾಯಿತು.

“ಏನು ಸಮುದ್ರವೋ ಏನೋ! ಇಳಕಲ್ ಸೀರಿ ತುಂಬ ಉಸುಕು. ಕೊಡವಿದ್ರ ಉದುರತದ, ಮತ್ತ ನೋಡಿದ್ರ ಮಡಿಕಿಯೊಳಗ ಅದ. ನಾಲಿಗಿಗೆ ಹತ್ತಿದ್ರ ಉಪ್ಪು. ಒಂದು ಬಳಿನೂ ಹೋತು. ಬೇಕಾದ್ರ ಸೀರಿ ತಂದು ತೋರಸಲೇನು?”

ಬಸಂತರಾಯ ಗಹಗಹಿಸಿ ನಕ್ಕ. “ಬ್ಯಾಡ್ರಿ ಬ್ಯಾಡ್ರಿ. ಮುಂದಿನ ತಿಂಗಳು ಬಂದು ಎಲ್ಲಿ ಇಳದ್ರಿ, ಏನೇನು ನೋಡಿದ್ರಿ ಅಂತ ಬರಕೊಂಡು ಸಹಿ ತಗೋತೇನಿ. ಕಾಗದ ತುಂಬಬೇಕಲ್ಲ” ಎಂದು ಹೋದ.

ಅವನ ಬೂಟಿನ ಸದ್ದು ನಿಂತ ಮೇಲೆ ತುಳಸೀಬಾಯಿ ಬಾಗಿಲಿಗೆ ಅಗಳಿ ಹಾಕಿದಳು. “ಈಗ ಹೇಳ್ರಿ. ನಾನಾಗಿ ಹೋದಾಕಿ ಯಾರು?”

ಪಾಂಡುರಂಗ ಹೊಸ್ತಿಲ ಬಳಿ ಕೂತ. “ರಂಗಿ” ಎಂದ.

ರಂಗೂಬಾಯಿ ಅವನ ತಂಗಿ. ಇಪ್ಪತ್ತೆರಡು ವರ್ಷ. ಹದಿನಾಲ್ಕಕ್ಕೆ ಗಂಡ ಜ್ವರದಿಂದ ಹೋದ. ಅಂದಿನಿಂದ ಇಂಡಿಯ ಮನೆಯಲ್ಲಿ ಬರಿಗೈ, ಬರಿಹಣೆ. ತಲೆ ಬೋಳಿಸುವುದೊಂದನ್ನು ಅವಳ ತಾಯಿ ಹಟ ಹಿಡಿದು ಏಳು ವರ್ಷ ತಡೆದಿದ್ದಳು. ಆ ತಾಯಿ ಹೋದ ವರ್ಷ ತೀರಿಕೊಂಡಳು. ಈಗ ನಾರಾಯಣರಾಯರಿಗೆ ದೇವರ ನೈವೇದ್ಯಕ್ಕೆ ಮಡಿಯಿಂದ ಅಡಿಗೆ ಮಾಡುವವರು ಬೇಕು. ಕೂದಲಿರುವ ವಿಧವೆ ಬೇಯಿಸಿದ್ದು ದೇವರಿಗೆ ನಡೆಯುವುದಿಲ್ಲ. ಈ ಕಾರ್ತಿಕ ಮುಗಿಯುತ್ತಲೂ ಕ್ಷೌರಿಕನನ್ನು ಕರೆಸುವುದೆಂದು ನಿಶ್ಚಯಿಸಿದ್ದರು.

“ಅಪ್ಪಗ ಬ್ಯಾಡ ಅನ್ನಲಿಕ್ಕೆ ನನ್ನ ಕೈಲೆ ಆಗಲಿಲ್ಲ” ಎಂದು ಪಾಂಡುರಂಗ ಅತ್ತ. “ರಂಗಿನs ಒಂದು ಮಾತು ಕೇಳಿದಳು. ಅಣ್ಣಾ, ಕೂದಲಾ ಇರೂದರೊಳಗ ಒಮ್ಮೆ ಸಮುದ್ರ ತೋರಸು ಅಂದಳು. ಪಂಢರಪುರಕ್ಕ ಹೊಂಟೇವಿ ಅಂತ ಅಪ್ಪಗ ಸುಳ್ಳು ಹೇಳಿ ಕರಕೊಂಡು ಹೋದೆ. ರೇಲ್ವೆ ಕಾಯದೆ ಪ್ರಕಾರ ಅಪ್ಪ ಇರೂತನಕ ತಂಗಿ ಹೆಸರು ನನ್ನ ಪಾಸಿನ್ಯಾಗ ಬರೂದಿಲ್ಲ. ಸೊಲ್ಲಾಪುರದಾಗ ನಿನ್ನ ಸೀರಿ ಉಡಸಿ ಹೆಂಡ್ತಿ ಅಂತ...” ಎಂದು ನಾಲಿಗೆ ಕಚ್ಚಿಕೊಂಡ.

ತುಳಸೀಬಾಯಿಗೆ ಮೊದಲು ಬಂದದ್ದು ನಿರಾಳ. ಅದರ ಬೆನ್ನಿಗೇ ಸಿಟ್ಟು ಬಂತು, ಸಿಟ್ಟಿನ ಒಳಗೆ ಹೆದರಿಕೆ. “ನನ್ನ ಕುಂಕುಮಾ ಆಕಿಗೆ ಹಚ್ಚಿದ್ರೇನು? ನಾಳೆ ನಿಮ್ಮ ಜೀವಕ್ಕ ಏನರೇ ಆದ್ರ? ನನಗ ಒಂದು ಮಾತು ಹೇಳಬಾರದಿತ್ತೇನು?”

“ಹೇಳಿದ್ರ ನೀ ಒಪ್ಪತಿದ್ದೇನು?”

ಒಪ್ಪುತ್ತಿರಲಿಲ್ಲ, ಅದು ಆಕೆಗೇ ಗೊತ್ತು. ಭರಣಿಯನ್ನು ಬಚ್ಚಲಿಗೆ ಚೆಲ್ಲಬೇಕೆಂದು ಎತ್ತಿಕೊಂಡಳು, ಬಚ್ಚಲವರೆಗೆ ಹೋದಳು, ಯಾಕೋ ಮತ್ತೆ ಗೂಡಿನಲ್ಲೇ ಇಟ್ಟಳು. “ಆ ಬಸಂತರಾಯ ಮತ್ತ ಬಂದು ಕೇಳಿದ್ರ ನಾ ಏನು ಬರಸಲಿ? ಆಕಿನs ಹೇಳಬೇಕು, ನಾ ಏನೇನು ನೋಡಿದೆ ಅಂತ. ರವಿವಾರ ಇಂಡಿಗೆ ಹೋಗೋಣು ನಡೀರಿ.”

ರವಿವಾರ ಇಂಡಿ ರೋಡ್ ಸ್ಟೇಶನ್ನಿನಲ್ಲಿ ಇಳಿದು ಟಾಂಗಾದಲ್ಲಿ ಊರಿಗೆ ಹೋದರು. ಪಡಸಾಲೆಯಲ್ಲಿ ನಾರಾಯಣರಾಯರು ಪಂಚಾಂಗ ಹಿಡಿದು ಕೂತಿದ್ದರು. “ಚಲೋ ಆತು ಬಂದ್ರಿ. ಗುರುವಾರ ದಿನಾ ಚಲೋ ಅದ” ಎಂದರು. ಏನಕ್ಕೆ ಚಲೋ ಎಂದು ಯಾರೂ ಕೇಳಬೇಕಾಗಿರಲಿಲ್ಲ. ಪಾಂಡುರಂಗ ನೆಲ ನೋಡುತ್ತ ಕಂಬಕ್ಕೆ ಒರಗಿ ನಿಂತ.

ಹಿತ್ತಲಲ್ಲಿ ರಂಗೂಬಾಯಿ ಅವರೆಕಾಯಿ ಸುಲಿಯುತ್ತಿದ್ದಳು. ಮಾಸಿದ ಸೀರೆ, ತಲೆಯ ಮೇಲೆ ಸೆರಗು. ಅತ್ತಿಗೆಯನ್ನು ಕಂಡು ಅರ್ಧ ಎದ್ದಳು, ಅರ್ಧಕ್ಕೇ ನಿಂತಳು. ಗೊತ್ತಾಗಿದೆ ಎಂಬುದು ಅವಳಿಗೆ ಗೊತ್ತಾಯಿತು.

ತುಳಸೀಬಾಯಿ ಮುಖ ಬಿಗಿದುಕೊಂಡೇ ಎದುರಿಗೆ ಕೂತಳು. “ರಂಗಕ್ಕ, ಸಾಹೇಬರು ಕೇಳ್ಯಾರ. ನಾ ಮುಂಬಯಿಯೊಳಗ ಏನು ಮಾಡಿದೆ ಹೇಳ್ರಿ.”

ರಂಗೂಬಾಯಿ ಅವರೆಕಾಯಿ ನೋಡುತ್ತಲೇ ಸಣ್ಣ ದನಿಯಲ್ಲಿ ಶುರು ಮಾಡಿದಳು.

“ಬೋರಿ ಬಂದರದಾಗ ಇಳದ್ರಿ, ವೈನಿ. ಆ ಗದ್ದಲಕ್ಕ ಹೆದರಿ ಅಣ್ಣನ ಕೈ ಗಟ್ಟಿ ಹಿಡಕೊಂಡ್ರಿ. ಟ್ರಾಮಿನ್ಯಾಗ ಕಿಟಕಿ ಕಡೆ ಕೂತ್ರಿ. ಧರ್ಮಶಾಲಿಯೊಳಗ ಒಬ್ಬ ಮರಾಠಿ ಬಾಯಿ ಇದ್ದಳು. ನಿಮ್ಮನ್ನ ಕರದು, ಮಣಿ ಮ್ಯಾಲೆ ಕೂಡಿಸಿ, ಅರಿಷಿಣ ಕುಂಕುಮಾ ಹಚ್ಚಿದಳು. ಉಡಿ ತುಂಬಿದಳು.” ಒಂದು ಕಾಯಿ ಬಿಡಿಸಿದಳು. “ನೀವು ಬ್ಯಾಡ ಅನ್ನಲಿಲ್ಲ.”

ತುಳಸೀಬಾಯಿಯ ಕೈ ತಾನಾಗಿ ಬುಟ್ಟಿಯಿಂದ ಒಂದು ಅವರೆಕಾಯಿ ತೆಗೆದುಕೊಂಡಿತು. “ಆಮ್ಯಾಲೆ?”

“ಚೌಪಾಟಿಗೆ ಹೋದ್ರಿ. ಚುರಮರಿ ಭೇಳ ತಿಂದ್ರಿ. ಅದರಾಗ ಉಳ್ಳಾಗಡ್ಡಿ ಇತ್ತು. ಇದನ್ನ ಮಾತ್ರ ಅಪ್ಪಗ ಹೇಳಬ್ಯಾಡ್ರಿ.” ಈಗ ಅವಳ ತುಟಿಯ ಮೂಲೆಯಲ್ಲಿ ನಗು ಇಣುಕಿತು. “ಅಣ್ಣನೂ ತಿಂದ. ಎರಡು ಸಲ ತಿಂದ.”

“ಹೌದೇನು! ನನಗ ಉಳ್ಳಾಗಡ್ಡಿ ವಾಸನಿ ಆಗೂದಿಲ್ಲ ಅಂತಾರ!” ತುಳಸೀಬಾಯಿಗೂ ನಗು ತಡೆಯಲಿಲ್ಲ. “ಸಮುದ್ರ?”

“ಸಮುದ್ರ ನೋಡಿ ಮೊದಲು ಅತ್ರಿ. ಯಾಕ ಅಂತ ಅಣ್ಣ ಕೇಳಿದ, ನಿಮಗ ಹೇಳಲಿಕ್ಕೆ ಬರಲಿಲ್ಲ. ಆಮ್ಯಾಲೆ ಮೊಣಕಾಲಮಟ ನೀರಾಗ ಹೋದ್ರಿ. ತೆರಿ ಬಂದು ಬಡೀತು, ಬಿದ್ರಿ, ಅಲ್ಲೇ ಒಂದು ಬಳಿ ಒಡೀತು. ಏಳೂದರಾಗ ತುರುಬು ಬಿಚ್ಚಿತು. ಅದೇನು ಗಾಳಿ ಅಂತೀರಿ ವೈನಿ! ನಿಮ್ಮ ಕೂದಲಾ ಎಲ್ಲಾ ಹಾರಿತು. ಮುಖದ ತುಂಬ, ಬಾಯಿ ತುಂಬ. ಎಷ್ಟು ಹಿಡದ್ರೂ ನಿಂದರಲಿಲ್ಲ. ಕಡೀಕೆ ಹಿಡಿಯೂದು ಬಿಟ್ಟುಬಿಟ್ರಿ. ಸೂರ್ಯಾ ಮುಣಗೂತನಕ ಹಂಗs ನಿಂತಿದ್ರಿ, ನಿಮ್ಮ ಕೂದಲಾ ಹಾರಲಿಕ್ಕೆ ಬಿಟ್ಟು.”

ಹೇಳುತ್ತ ಹೇಳುತ್ತ ರಂಗೂಬಾಯಿಯ ಕೈ ತಲೆಯ ಸೆರಗಿನ ಕಡೆ ಹೋಗಿತ್ತು. ಅದು ತಿಳಿದೊಡನೆ ಕೈ ಕೆಳಗಿಟ್ಟು ಮತ್ತೆ ಅವರೆಕಾಯಿ ಸುಲಿಯತೊಡಗಿದಳು.

ತುಳಸೀಬಾಯಿ ಇಷ್ಟು ದಿನ ಯಾರನ್ನು ಶಪಿಸುತ್ತಿದ್ದಳೋ ಆ ಯಾವಳೋ ಇವಳು. ಹೊರಗೆ ಮಾವನವರು ಗುರುವಾರ ಎಷ್ಟು ಗಂಟೆಗೆ ಎಂಬುದನ್ನು ಗಟ್ಟಿಯಾಗಿ ಓದಿ ಮಗನಿಗೆ ಹೇಳುತ್ತಿದ್ದರು. ಮಗ ಹ್ಞೂಂ ಎನ್ನುತ್ತಿದ್ದ.

ಆಕೆ ಉಡಿಯಲ್ಲಿದ್ದ ಸಿಪ್ಪೆ ಕೊಡವಿ ಎದ್ದಳು.

“ರಂಗಕ್ಕ, ಅದು ನನ್ನ ಕೂದಲಾ ಅಂದ್ರೆಲ್ಲ?”

“ಹೌದ್ರಿ ವೈನಿ, ಸಾಹೇಬರಿಗೆ ಹಂಗs...”

“ಸಾಹೇಬರ ಮಾತು ಬ್ಯಾರೆ. ನನ್ನ ಕೂದಲಾ ಅಂದ ಮ್ಯಾಲೆ ನನ್ನನ್ನ ಕೇಳದs ಅದನ್ನ ಯಾರೂ ಮುಟ್ಟಂಗಿಲ್ಲ. ಏಳ್ರಿ, ನಿಮ್ಮ ಎರಡು ಸೀರಿ ಗಂಟು ಕಟ್ರಿ. ಸಂಜಿ ಗಾಡಿಗೆ ನೀವು ನಮ್ಮ ಜೋಡಿ ವಿಜಾಪುರಕ್ಕ ಬರತೀರಿ” ಎಂದು, ತುಳಸೀಬಾಯಿ ಸೆರಗನ್ನು ಸೊಂಟಕ್ಕೆ ಬಿಗಿದು ಮಾವನವರಿದ್ದ ಪಡಸಾಲೆಗೆ ನಡೆದಳು.