ಬಡಾಯಿ ಎಂಬ ಮಾತಿನ ಮೂಲ
ಬಡಾಯಿ ಎಂದರೆ ದೊಡ್ಡತನ, ಬೇರೆ ಭಾಷೆಯಿಂದ ಬಂದ ಪದ ಎನ್ನುತ್ತದೆ ನಿಘಂಟು. ನಮ್ಮ ಬೀದಿಯವರನ್ನು ಕೇಳಿದರೆ ಬೀಗ ರಿಪೇರಿಯವನ ಅಂಗಡಿಯತ್ತ ಕೈ ತೋರಿಸುತ್ತಾರೆ. ಮುಂದೆ ಅಂಗಡಿ, ಹಿಂದೆ ಮನೆ, ನಡುವೆ ಒಂದೇ ಬಾಗಿಲು. ಅರದಿಂದ ಕೀಲಿಕೈ ಉಜ್ಜುತ್ತಾ ಅವನು ಶುರು ಮಾಡಿದನೆಂದರೆ ಮುಗಿಯಿತು: "ನಾನು ಕೆಮ್ಮಿದ್ರೆ ಸಾಕು ಸ್ವಾಮಿ, ಎಂಥ ಬೀಗಾನೂ ಬಾಯಿ ಬಿಡುತ್ತೆ. ನನಗೆ ನೆಗಡಿ ಆದ್ರೆ ಬ್ಯಾಂಕಿನೋರು ಕಾವಲು ಜಾಸ್ತಿ ಮಾಡ್ತಾರೆ!" ಹೀಗೆ ಕೊಚ್ಚಿಕೊಂಡವನು ಅರವನ್ನು ಕೆಳಗಿಟ್ಟು, ತಲೆ ವಾಲಿಸುತ್ತಾನೆ. ನಾವು ಭೇಷ್ ಅನ್ನಲಿ ಎಂದು ಕಾಯುತ್ತಾನೆಂದೇ ನಾನು ತಿಳಿದಿದ್ದೆ. ಹಳಬರು ಹೇಳಿದ ಮೇಲೆ ಗೊತ್ತಾಯಿತು, ಆ ಹೊತ್ತಿಗೆ ಸರಿಯಾಗಿ ಒಳಗಿನಿಂದ ಅವನ ಹೆಂಡತಿ "ಬರೀ ಬಡಾಯಿ!" ಎಂದು ನಗುತ್ತಿದ್ದಳಂತೆ, ಬೀದಿಯ ಬಾಯಿಗೆ ಬಂದದ್ದು ಆ ಮಾತೇ. ಆಕೆ ತೀರಿಹೋದ ದಿನ ಅವನು ನಡುಬಾಗಿಲಿಗೆ ಬೀಗ ಜಡಿದ. ಈಗ ಅಂಗಡಿಯಲ್ಲೇ ಊಟ, ಅಲ್ಲೇ ನಿದ್ದೆ. ಆ ಬೀಗಕ್ಕೆ ತುಕ್ಕು ಹಿಡಿದಿದೆ. ನಿನ್ನೆ ಮಧ್ಯಾಹ್ನ ಇನ್ನೊಂದು ಕೀಲಿಕೈ ಮಾಡಿಸಲು ಹೋದಾಗ ನನ್ನ ನಾಲಿಗೆ ಸುಮ್ಮನಿರಲಿಲ್ಲ: "ಎಲ್ಲಿ ಯಜಮಾನ್ರೇ, ಆ ಬಾಗಿಲಿನದ್ದೂ ಕೆಮ್ಮಿ ತೆಗೀರಿ ನೋಡೋಣ." ಅವನ ಮುಖ ಬಿಳಿಚಿಕೊಂಡಿತು. "ಅದೊಂದು ನನ್ನ ಕೈಲಿ ಆಗಲ್ಲ ಸ್ವಾಮಿ," ಎಂದು ಪಿಸುಗುಟ್ಟಿದ. ಅವನ ಬಾಯಿಂದ ನಾನು ಕೇಳಿದ ಮೊದಲ ನಿಜ ಅದೇ ಇರಬೇಕು ಅಂದುಕೊಂಡೆ. ಅವನು ಅಭ್ಯಾಸಬಲದಿಂದ ಅರವನ್ನು ಕೆಳಗಿಟ್ಟು ತಲೆ ವಾಲಿಸಿದ. ಬಾಗಿಲ ಆಚೆಯಿಂದ ಹೆಂಗಸಿನ ದನಿಯೊಂದು ನಗುತ್ತಲೇ ಹೇಳಿತು: "ಬರೀ ಬಡಾಯಿ!"