ಹಗೇವಿನ ಮೇಲಿನ ಮನೆ

ನಮ್ಮ ಹಳೇ ಮನೆಯ ಪಡಸಾಲೆಯಲ್ಲಿ ಒಂದು ಮೂಲೆಗೆ ಯಾರೂ ಚಾಪೆ ಹಾಸುತ್ತಿರಲಿಲ್ಲ. ಅಲ್ಲಿ ನೆಲದೊಳಗೆ ಹಗೇವಿತ್ತು, ಹಿಂದಿನವರು ಜೋಳ ತುಂಬಿಡುತ್ತಿದ್ದ ಆಳವಾದ ಗುಂಡಿ. ಬಾಯಿಗೆ ಚಪ್ಪಡಿ, ಚಪ್ಪಡಿಯಲ್ಲಿ ಕೈ ಹಿಡಿಸುವಷ್ಟು ತೂತು. ಪ್ರತಿ ಅಮಾವಾಸ್ಯೆಗೆ ಅತ್ತೆ ಆ ತೂತಿನಲ್ಲಿ ಒಂದು ಹಿಡಿ ಜೋಳ ಬಿಡುತ್ತಿದ್ದರು. ಅವರ ಅತ್ತೆಯೂ ಬಿಡುತ್ತಿದ್ದರಂತೆ. ಈ ತುಟ್ಟಿ ಕಾಲದಲ್ಲಿ ಇದೆಂಥ ಹಾಳು ಪದ್ಧತಿ ಎಂದು ನಾನು ಗೊಣಗುತ್ತಿದ್ದೆ.

ರಾಯದುರ್ಗದ ಕಡೆಯವರನ್ನು ಚರಿತ್ರೆ ಕೇಳಿದರೆ ಬೆಟ್ಟದ ಮೇಲಿನ ಕೋಟೆ ತೋರಿಸುತ್ತಾರೆ. ನಮ್ಮ ಅತ್ತೆ ನೆಲ ತೋರಿಸುತ್ತಿದ್ದರು. ಕೋಟೆಗೆ ದಂಡು ಬಂದಾಗ ಸುತ್ತಲ ಹಳ್ಳಿಗಳು ಸುಲಿಗೆಯಾದವಂತೆ. ಈ ಮನೆಯವರು ಹೊಸದಾಗಿ ಬಂದ ಸೊಸೆಯನ್ನು ಹಗೇವಿಗಿಳಿಸಿ, ಚಪ್ಪಡಿ ಎಳೆದು, ಮೇಲೆ ಸಗಣಿ ಸಾರಿಸಿ ಓಡಿದರಂತೆ. ಬೇಗ ಬರುತ್ತೇವೆ ಎಂದಿದ್ದರಂತೆ. ಬಂದದ್ದು ತಡವಾಗಿ. ಚಪ್ಪಡಿ ತೆಗೆಯಲು ಯಾರಿಗೂ ಧೈರ್ಯ ಬರಲಿಲ್ಲ, ತೂತು ಕೊರೆದು ಅವಳಿಗೆಂದು ಜೋಳ ಬಿಟ್ಟರು.

ನನಗೆ ಬೇಕಾಗಿದ್ದದ್ದು ಬೀಳದ ಮನೆ. ಮಳೆ ಬಂದರೆ ಮಣ್ಣಿನ ಮಾಳಿಗೆ ಯಾವಾಗ ಮೈಮೇಲೆ ಕುಸಿಯುತ್ತದೋ ಎಂದು ಕಣ್ಣು ಮುಚ್ಚುತ್ತಿರಲಿಲ್ಲ. ಗಂಡ ಕುರಿ ಸಾಕುವವರು. ಕುರಿಗಳು ಸಂಬಳದ ಚೀಟಿ ಕೊಡುವುದಿಲ್ಲ. ಹೈಸ್ಕೂಲಿನಲ್ಲಿ ಗುಮಾಸ್ತೆಯಾದ ನನಗೆ ಅದಿತ್ತು. ಹೋಮ್ ಲೋನಿಗೆ ನೀವೊಬ್ಬರೇ ಎಲಿಜಿಬಲ್ ಎಂದರು ಬ್ಯಾಂಕಿನವರು. ಹಳೇದನ್ನು ಕೆಡವಿ ಅಲ್ಲೇ ಕಟ್ಟುವುದೆಂದಾಯಿತು. ಜಾಗ ನೋಡಲು ಬಂದ ಬ್ಯಾಂಕಿನ ಎಂಜಿನಿಯರ್ ಆ ಮೂಲೆಯಲ್ಲೇ ನಿಂತು ಬೂಟಿನ ಹಿಮ್ಮಡಿ ಬಡಿದರು. ನೆಲ ಡಬ್ ಎಂದಿತು.

“ಕಿಂದ ಏಮುಂದಮ್ಮಾ?” ಎಂದರು ತೆಲುಗಿನಲ್ಲಿ.

“ಕೆಳಗ ಹಗೇವು ಐತ್ರಿ,” ಎಂದೆ.

“ಪೊಳ್ಳು ನೆಲದ ಮ್ಯಾಲ ಕಟ್ಟೋ ಮನಿಗೆ ಲೋನ್ ಬರಂಗಿಲ್ರಿ. ಮಣ್ಣು ತುಂಬ್ಸಿ ಕರೀರಿ,” ಎಂದರು ಅವರು, ಈಗ ಕನ್ನಡದಲ್ಲಿ.

ನಾನು ಹಠ ಹಿಡಿದೆ. ಸತ್ತವಳಿಗೋಸ್ಕರ ಬದುಕಿದವರು ಮಾಳಿಗೆಯ ಕೆಳಗೆ ಸಾಯಬೇಕೇ ಎಂದು ಅತ್ತೆಯನ್ನು ಮುಖಕ್ಕೇ ಕೇಳಿದೆ.

ಚಪ್ಪಡಿ ಸರಿಸಿ, ಗಂಡ ಹಗ್ಗಕ್ಕೆ ಲಾಟೀನು ಕಟ್ಟಿ ಇಳಿಬಿಟ್ಟರು. ದೀಪ ಆರಿದರೆ ಒಳಗೆ ಉಸಿರಾಡುವ ಗಾಳಿಯಿಲ್ಲವೆಂದರ್ಥ, ಹಗೇವಿಗೆ ಮನುಷ್ಯರು ಇಳಿಯಬಾರದು. ಆರಿತು. ಮರುದಿನದವರೆಗೆ ಬಾಯಿ ತೆರೆದಿಟ್ಟು ಮತ್ತೆ ಬಿಟ್ಟೆವು, ದೀಪ ಆರಲಿಲ್ಲ. ಎಲುಬು ಕಂಡರೆ ಗತಿಯೇನು ಎಂಬ ಭಯವಿತ್ತು. ಆದರೂ ಬಗ್ಗಿ ನೋಡಿದೆ.

ಎಲುಬಿರಲಿಲ್ಲ. ಜೋಳವೂ ಇರಲಿಲ್ಲ. ಎಷ್ಟು ತಲೆಮಾರಿನ ಸೊಸೆಯರು ಬಿಟ್ಟ ಜೋಳ, ಗುಡ್ಡೆಯಾಗಿರಬೇಕಿತ್ತು. ಒಂದು ಕಾಳಿಲ್ಲ, ಹೊಟ್ಟಿಲ್ಲ, ಇಲಿಯ ಹಿಕ್ಕೆಯೂ ಇಲ್ಲ. ತಳ ಈಗಷ್ಟೇ ಸಾರಿಸಿದಂತೆ ನುಣ್ಣಗಿತ್ತು.

“ಇಲಿ ತಿಂದಿರಬೇಕು,” ಎಂದರು ಗಂಡ. ಅವರಿಗೇ ನಂಬಿಕೆ ಇದ್ದಂತಿರಲಿಲ್ಲ.

ಮೊದಲ ಬುಟ್ಟಿ ಮಣ್ಣು ಎತ್ತಿದಾಗ ಅತ್ತೆ ಅಂಚಿಗೆ ಬಂದು ಕೂತು, ಒಳಗೆ ಬಗ್ಗಿ, ಮೆಲ್ಲಗೆ ಹೇಳಿದರು: “ಯವ್ವಾ, ಒಂಚೂರು ಸರ್ಕೋ. ಮಣ್ಣು ಬೀಳ್ತೈತಿ.”

ಬುಟ್ಟಿ ಹಿಡಿದಿದ್ದವಳು ನಾನೇ. ಆದರೂ ಸುರಿದೆ.

ಎಂಜಿನಿಯರ್ ಮತ್ತೆ ಬಂದು ಹಿಮ್ಮಡಿ ಬಡಿದಾಗ ನೆಲ ಗಟ್ಟಿಯಾಗಿತ್ತು. ಸಾಲ ಬಂತು, ಮನೆ ಎದ್ದಿತು. ಗೃಹಪ್ರವೇಶದ ದಿನ ಅತ್ತೆ ನನ್ನ ಕೈ ಹಿಡಿದು, “ಆಗ್ಲೂ ಈ ಮನಿ ಸೊಸಿ ಮ್ಯಾಲ ನಿಂತಿತ್ತವ್ವ, ಈಗ್ಲೂ ಸೊಸಿ ಮ್ಯಾಲ ನಿಂತೈತಿ,” ಎಂದರು. ಹೊಗಳಿದರೋ ಹೆದರಿಸಿದರೋ ತಿಳಿಯಲಿಲ್ಲ. ಕಣ್ಣಲ್ಲಿ ನೀರಂತೂ ಬಂತು.

ಈಗ ಅತ್ತೆ ಹಾಸಿಗೆ ಬಿಟ್ಟು ಏಳಲಾರರು. ಅಮಾವಾಸ್ಯೆಗೆ ಆ ಮೂಲೆಯ ಟೈಲ್ಸಿನ ಮೇಲೆ ತಾಟಿನಲ್ಲಿ ಹಿಡಿ ಜೋಳ ನಾನೇ ಇಡುತ್ತೇನೆ. ಮೊನ್ನೆ ಅಮಾವಾಸ್ಯೆಗೆ ಗಂಡ ಕುರಿ ಹೊಡೆದುಕೊಂಡು ಗುಮ್ಮಘಟ್ಟದ ಕಡೆ ಹೋಗಿದ್ದರು, ಮನೆಯಲ್ಲಿ ನಾವಿಬ್ಬರೇ. ಮುಂಜಾನೆ ಅತ್ತೆ ಮಲಗಿದಲ್ಲಿಂದಲೇ ಕೇಳಿದರು:

“ತಾಟು ನೋಡಿದೇನವ್ವ?”

“ಇನ್ನಾ ನೋಡಿಲ್ಲತ್ತಿ,” ಎಂದೆ.

ನೋಡಿದ್ದೆ. ನಾನು ಏಳುವ ಮೊದಲೇ ತಾಟು ತೊಳೆದು ಗೋಡೆಗೆ ಒರಗಿಸಿಟ್ಟಿತ್ತು. ಇನ್ನೂ ನೀರು ಇಳಿಯುತ್ತಿತ್ತು.